ಹಗಲು ಲ್ಯಾಬು, ರಾತ್ರಿ ಕೇಳಿಕೆ

ಟಿ.ಪಿ. ಕೈಲಾಸಂ ಅಂದರೆ ಕನ್ನಡಿಗರಿಗೆ ನಗು ನೆನಪಾಗುತ್ತದೆ, ಸಿಗರೇಟು ನೆನಪಾಗುತ್ತದೆ, ಅರ್ಧ ಇಂಗ್ಲಿಷು ಅರ್ಧ ಕನ್ನಡದ ಆ ಚಟಪಟ ಮಾತು ನೆನಪಾಗುತ್ತದೆ. ಕಲ್ಲು ಯಾರಿಗೂ ನೆನಪಾಗುವುದಿಲ್ಲ. ಆದರೆ ಆ ಮನುಷ್ಯ ಓದಿದ್ದು ಕಲ್ಲನ್ನೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನ, ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸಿನಲ್ಲಿ ಮತ್ತೆ ಭೂವಿಜ್ಞಾನ. ಹಗಲು ಖನಿಜಗಳ ಜೊತೆ, ಸಂಜೆ ಲಂಡನ್ನಿನ ನಾಟಕಶಾಲೆಗಳಲ್ಲಿ. ಕಲ್ಲಿನ ಹುಚ್ಚು ಮನೆಯಿಂದಲೇ ಬಂದಿರಬೇಕು: ನ್ಯಾಯಾಧೀಶರಾಗಿದ್ದ ತಂದೆ ಪರಮಶಿವ ಅಯ್ಯರ್ ಋಗ್ವೇದದೊಳಗೆ ಭೂವಿಜ್ಞಾನವನ್ನು ಕಾಣುವ ಪುಸ್ತಕವೊಂದನ್ನು 1911ರಲ್ಲಿ ಬರೆದವರು.

ಲಂಡನ್ನಿನಿಂದ ಮರಳಿದ ಕೈಲಾಸಂ ಸಂಸ್ಥಾನದ ಭೂವಿಜ್ಞಾನ ಇಲಾಖೆ ಸೇರಿದರು. ಆ ಇಲಾಖೆ 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಕೈಕೆಳಗೆ ಶುರುವಾದದ್ದು, ಅದರ ಕಣ್ಣು ಮೊದಲಿನಿಂದಲೂ ಕೋಲಾರದ ಚಿನ್ನದ ಪದರಗಳ ಮೇಲೆ. ಕೈಲಾಸಂ ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಕೆಲಸ ಬಿಟ್ಟರು. 1918ರ ಸುಮಾರಿಗೆ ‘ಟೊಳ್ಳುಗಟ್ಟಿ’ ಬಂದಿತ್ತು. ಓದಿ ಓದಿ ಪಾಸಾಗುವ ಪುಟ್ಟು ಒಂದು ಕಡೆ, ಪರೀಕ್ಷೆಗೆ ದಡ್ಡನಾಗಿ ಕಷ್ಟಕ್ಕೆ ಒದಗುವ ಮಾಧು ಇನ್ನೊಂದು ಕಡೆ. ಲಂಡನ್ನಿನವರೆಗೂ ಹೋಗಿ ಪರೀಕ್ಷೆ ಗೆದ್ದು ಬಂದವನೇ ಪರೀಕ್ಷೆ ಗೆದ್ದವರನ್ನು ಗೇಲಿ ಮಾಡಿ ಬರೆದ ನಾಟಕ ಅದು. ಕಂಪನಿ ನಾಟಕಗಳ ರಾಜರಾಣಿಯರು, ಸೀನು ಸೀನರಿಗಳ ನಡುವೆ ಬೆಂಗಳೂರಿನ ಮನೆಯ ಹಜಾರ ರಂಗಕ್ಕೆ ಬಂತು. ಯಾರು ಎಲ್ಲಿ ಇಂಗ್ಲಿಷು ತೂರಿಸುತ್ತಾರೆ, ಯಾವ ಮಾತನ್ನು ಅರ್ಧಕ್ಕೆ ನುಂಗುತ್ತಾರೆ ಎಂಬುದನ್ನೆಲ್ಲ ಅವರು ಕಿವಿಯಿಂದಲೇ ಸರ್ವೆ ಮಾಡಿದ್ದರು. ಕಲ್ಲಿನ ಇಲಾಖೆ ಬಿಟ್ಟರೂ ಕಲ್ಲಿನ ಇಲಾಖೆಯ ಶಿಸ್ತು ಅವರನ್ನು ಬಿಟ್ಟಂತೆ ಕಾಣುವುದಿಲ್ಲ.

ಬಿಟ್ಟದ್ದಕ್ಕೆ ಬೆಲೆ ಮಾತ್ರ ಜೋರಾಗಿಯೇ ತೆತ್ತರು. 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಸಿಕ್ಕಿತು, 1946ರ ನವೆಂಬರಿನಲ್ಲಿ ತೀರಿಕೊಂಡರು. ಕೆಲಸ ಬಿಟ್ಟ ಮೇಲಿನ ಇಪ್ಪತ್ತೈದು ವರ್ಷಕ್ಕೆ ನಿಯತವಾದ ಸಂಬಳವಿಲ್ಲ, ನಿಯತವಾದ ಮನೆವಾರ್ತೆಯಿಲ್ಲ. ನಾಟಕಗಳನ್ನು ಅವರು ಬಾಯಲ್ಲಿ ಹೇಳುತ್ತಿದ್ದರು, ಗೆಳೆಯರು ಬರೆದುಕೊಂಡರು. ಬರೆದುಕೊಳ್ಳುವವರು ಹತ್ತಿರವಿಲ್ಲದಾಗ ಹೇಳಿದ್ದೆಲ್ಲ ಗಾಳಿಗೆ ಹೋಯಿತು.

ಈ ಕತೆಯನ್ನು ಕನ್ನಡ ನಾಡಿನ ಅಪ್ಪಂದಿರು ಚೆನ್ನಾಗಿ ಬಳಸಿಕೊಂಡಿದ್ದಾರೆ. ಮಗ ವಿಜ್ಞಾನ ಓದುತ್ತಾ ನಾಟಕದ ಮಾತೆತ್ತಿದರೆ ಸಾಕು, ಯಾವುದಾದರೂ ಒಂದನ್ನು ಹಿಡಿ ಎನ್ನುವ ಉಪದೇಶ ಸಿದ್ಧ. ಕೋಲಾರ ತಾಲ್ಲೂಕಿನ ಕ್ಯಾಲನೂರಿನಿಂದ ಹೊರಟ ಹುಡುಗನೊಬ್ಬ ಆ ಉಪದೇಶವನ್ನು ಕೇಳಿಯೂ ಕೇಳದವನಂತೆ ಇದ್ದು, ಎರಡನ್ನೂ ಹಿಡಿದುಕೊಂಡೇ ಒಂದು ಬದುಕು ಕಟ್ಟಿಕೊಂಡ. ದೊಡ್ಡ ಹೆಸರೇನೂ ಮಾಡಲಿಲ್ಲ. ಹೈಸ್ಕೂಲ್ ವಿಜ್ಞಾನ ಮೇಷ್ಟ್ರಾಗಿ ನಿವೃತ್ತನಾದ, ಅಷ್ಟೆ. ಆದರೆ ಅವನ ನೆನಪುಗಳನ್ನು ಬಿಡಿಸುತ್ತಾ ಹೋದರೆ ಈ ಸೀಮೆಯಲ್ಲಿ ವಿಜ್ಞಾನಕ್ಕೂ ರಂಗಕ್ಕೂ ಎಷ್ಟು ಹತ್ತಿರದ ನಂಟಿತ್ತು ಎನ್ನುವುದು ಕಾಣುತ್ತದೆ.

ಶುರುವಾದದ್ದು ಕೇಳಿಕೆಯಿಂದ. ಕೋಲಾರ ಸೀಮೆಯ ಬಯಲಾಟಕ್ಕೆ ಜನ ಇಟ್ಟ ಹೆಸರು ಅದು. ಸುಗ್ಗಿ ಮುಗಿದ ಮೇಲೆ ಊರ ಮುಂದೆ ಅಟ್ಟ ಕಟ್ಟುತ್ತಿದ್ದರು, ರಾಗಿ ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಜನ ಕೂರುತ್ತಿದ್ದರು. ಪಾತ್ರದ ಬಾಯಲ್ಲಿ ಕನ್ನಡ ಎಷ್ಟೋ ತೆಲುಗೂ ಅಷ್ಟೇ, ಯಾರಿಗೂ ಅದು ವಿಚಿತ್ರ ಅನಿಸುತ್ತಿರಲಿಲ್ಲ. ಹುಡುಗನಿಗೆ ವೇಷ ಸಿಗಲಿಲ್ಲ, ಗ್ಯಾಸ್‌ಲೈಟು ನೋಡಿಕೊಳ್ಳುವ ಕೆಲಸ ಸಿಕ್ಕಿತು. ರಾತ್ರಿಯೆಲ್ಲ ಪಂಪು ಹೊಡೆಯಬೇಕು. ಪಂಪು ನಿಂತರೆ ಒತ್ತಡ ಇಳಿಯುತ್ತದೆ, ಸೀಮೆಎಣ್ಣೆ ಆವಿಯಾಗಿ ಮೇಲೇರುವುದು ಕಮ್ಮಿಯಾಗುತ್ತದೆ, ದುರ್ಯೋಧನನ ಮುಖ ಹಳದಿಗೆ ತಿರುಗುತ್ತದೆ, ಕೂತವರು ಬೈಯುತ್ತಾರೆ. ಹೊಸ ಮ್ಯಾಂಟಲ್ ಕಟ್ಟುವುದು ಇನ್ನೂ ನಾಜೂಕಿನ ಕೆಲಸ. ಬಟ್ಟೆಯ ಆ ಪುಟ್ಟ ಚೀಲಕ್ಕೆ ಮೊದಲ ಸಲ ಬೆಂಕಿ ಕೊಟ್ಟಾಗ ನೂಲೆಲ್ಲ ಸುಟ್ಟುಹೋಗಿ ಬರೀ ಬೂದಿಯ ಗೂಡು ನಿಲ್ಲುತ್ತದೆ. ಬೆರಳು ತಾಗಿದರೆ ಪುಡಿಪುಡಿ. ಬೆಳಗುವುದು ಆ ಬೂದಿಯೇ.

ಆ ಬೂದಿ ಥೋರಿಯಂ ಆಕ್ಸೈಡು, ಅದರಲ್ಲಿ ಶೇಕಡ ಒಂದರಷ್ಟು ಸೀರಿಯಂ ಬೆರೆತಿರುತ್ತದೆ, ಥೋರಿಯಂ ಬಂದದ್ದು ಕೇರಳದ ಕಡಲ ಮರಳಿನಿಂದ, ಅದು ಸಣ್ಣದಾಗಿ ವಿಕಿರಣ ಸೂಸುವ ವಸ್ತು ಎಂಬುದೆಲ್ಲ ಹುಡುಗನಿಗೆ ತಿಳಿದದ್ದು ಬೆಂಗಳೂರಿಗೆ ಬಿ.ಎಸ್ಸಿ. ಓದಲು ಹೋದಮೇಲೆ. ಪರಮಾಣು ಭೌತಶಾಸ್ತ್ರ ಎಲ್ಲೋ ಅಮೆರಿಕದಲ್ಲಿರುವ ವಿದ್ಯೆ ಅಂದುಕೊಂಡಿದ್ದವನಿಗೆ ತಾನು ಅದಕ್ಕೆ ರಾತ್ರಿಯೆಲ್ಲ ಪಂಪು ಹೊಡೆದಿದ್ದೆ ಎಂದು ಗೊತ್ತಾದಾಗ ಆದ ಖುಷಿ ಕೊನೆಯವರೆಗೂ ಹೋಗಲಿಲ್ಲ. ಮುಂದೆ ಒಂಬತ್ತನೇ ಕ್ಲಾಸಿನಲ್ಲಿ ವಿಕಿರಣದ ಪಾಠ ಬಂದಾಗಲೆಲ್ಲ ಅವನು ಶುರು ಮಾಡುತ್ತಿದ್ದದ್ದು ಕ್ಯೂರಿಯಿಂದಲ್ಲ, ಗ್ಯಾಸ್‌ಲೈಟಿನಿಂದ.

ಅವನು ಸೇರಿದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ. ಅಲ್ಲಿ ಪ್ರಿನ್ಸಿಪಾಲರಾಗಿದ್ದವರು ಎಚ್. ನರಸಿಂಹಯ್ಯ, ಊರಿನವರ ಬಾಯಲ್ಲಿ ಎಚ್ಚೆನ್. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. 1920ರಲ್ಲಿ ಹುಟ್ಟಿ, ಓದುವ ಆಸೆಗೆ ಬೆಂಗಳೂರಿಗೆ ನಡೆದೇ ಬಂದವರು. 1936ರಲ್ಲಿ ನ್ಯಾಷನಲ್ ಹೈಸ್ಕೂಲಿಗೆ ಗಾಂಧೀಜಿ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ ವಿದ್ಯಾರ್ಥಿ, ಕ್ವಿಟ್ ಇಂಡಿಯಾದಲ್ಲಿ ಓದು ಬಿಟ್ಟು ಜೈಲಿಗೆ ಹೋದವರು, 1960ರಲ್ಲಿ ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ತಂದವರು. ಖಾದಿ ಜುಬ್ಬ, ಪಂಚೆ, ಗಾಂಧಿ ಟೋಪಿ, ಮದುವೆಯಿಲ್ಲ, ವಾಸ ಹಾಸ್ಟೆಲ್ಲಿನ ಒಂದು ಕೋಣೆ. ಹಳ್ಳಿಯಿಂದ ಬಂದ ಹುಡುಗರಿಗೆ ಅವರನ್ನು ಕಂಡರೆ ಭಯ ಇತ್ತು, ಆದರೆ ದೂರದ ಭಯವಲ್ಲ. ನಮ್ಮ ಕಡೆಯವರೇ ಎಂಬ ಧೈರ್ಯ ಅದರೊಳಗೇ ಇತ್ತು.

ಈ ಮನುಷ್ಯ ಹಾಡಲಿಲ್ಲ, ಕುಣಿಯಲಿಲ್ಲ, ಬಣ್ಣ ಹಚ್ಚಲಿಲ್ಲ. ಆದರೂ ವಿಜ್ಞಾನ ಮತ್ತು ರಂಗ ಎರಡನ್ನೂ ಸೇರಿಸಿದವರು ಯಾರು ಎಂದು ಕ್ಯಾಲನೂರಿನ ಮೇಷ್ಟ್ರನ್ನು ಕೇಳಿದರೆ ಕೈಲಾಸಂಗಿಂತ ಮೊದಲು ಎಚ್ಚೆನ್ ಹೆಸರೇ ಬರುತ್ತಿತ್ತು. ಕಾರಣ ಸರಳ. 1962ರಲ್ಲಿ ಎಚ್ಚೆನ್ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರಕ್ಕೊಂದು ಸಂಜೆ ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು, ಕಾಸಿಲ್ಲ, ಚೀಟಿಯಿಲ್ಲ. ಅದೇ ಮನುಷ್ಯ ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿದರು. ಒಂದು ಸಂಜೆ ನಕ್ಷತ್ರ, ಇನ್ನೊಂದು ಸಂಜೆ ವೀಣೆ. ಜಯನಗರದ ನ್ಯಾಷನಲ್ ಕಾಲೇಜಿನ ರಂಗಮಂದಿರಕ್ಕೆ ಇವತ್ತು ಅವರದೇ ಹೆಸರು, ಎಚ್.ಎನ್. ಕಲಾಕ್ಷೇತ್ರ. ಬಸವನಗುಡಿಯ ಕಾಲೇಜಿನಲ್ಲಿ ಹಿಸ್ಟ್ರಿಯಾನಿಕ್ ಕ್ಲಬ್ಬೆಂಬ ನಾಟಕದ ಸಂಘವಿತ್ತು. ಸಿ.ಆರ್. ಸಿಂಹ ಅಲ್ಲಿ ಪಳಗಿದ ನಟ. ಮುಂದೆ ‘ಟಿಪಿಕಲ್ ಟಿ.ಪಿ. ಕೈಲಾಸಂ’ ಎಂಬ ಏಕವ್ಯಕ್ತಿ ನಾಟಕದಲ್ಲಿ ಕೈಲಾಸಂ ಆಗಿ ಊರೂರು ತಿರುಗಿದವರು ಅವರೇ. ಕಲ್ಲಿನ ಇಲಾಖೆಯಲ್ಲಿ ಜಾಗ ಸಿಗದ ನಾಟಕಕಾರ ಹೀಗೆ ವಿಜ್ಞಾನದ ಕಾಲೇಜೊಂದರ ಹುಡುಗನ ಮೈಮೇಲೆ ಮತ್ತೆ ಬಂದ.

ಎಚ್ಚೆನ್ 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾದರು. ಅಲ್ಲಿ ಸಂಗೀತ, ನೃತ್ಯ, ನಾಟಕಗಳಿಗೆಂದೇ ಒಂದು ವಿಭಾಗ ತೆರೆದದ್ದು ಅದೇ ಕಾಲದಲ್ಲಿ. ಕೋಲಾರದ ಕಾಲೇಜುಗಳೆಲ್ಲ ಆಗ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ತಾಳ ಹಾಕುವುದಕ್ಕೂ ಮಾರ್ಕ್ಸ್ ಕೊಡುತ್ತಾರಂತೆ ಎಂದು ಹಳ್ಳಿಯ ಕಟ್ಟೆಯ ಮೇಲೆ ನಗಾಡಿದ್ದನ್ನು ಮೇಷ್ಟ್ರು ನೆನೆಸಿಕೊಳ್ಳುತ್ತಿದ್ದರು. ನಕ್ಕವರಲ್ಲಿ ಒಬ್ಬರು ಊರಿನ ಹಾರ್ಮೋನಿಯಂ ಮೇಷ್ಟ್ರು. ಅವರಿಗೆ ಮಾರ್ಕ್ಸೂ ಬೇಕಿರಲಿಲ್ಲ, ಸಂಬಳ ಅಂತೂ ಯಾವತ್ತೂ ಬಂದಿರಲಿಲ್ಲ.

ಸೈನ್ಸ್ ಫೋರಂನ ಸಂಜೆಗಳಲ್ಲೇ ಹುಡುಗನ ಕಿವಿಗೆ ಸಿ.ವಿ. ರಾಮನ್ನರ ಮೃದಂಗ ಬಿದ್ದದ್ದು. ರಾಮನ್ ಅಂದರೆ ಬೆಳಕು ಎಂದು ಎಲ್ಲರಿಗೂ ಗೊತ್ತು. ಬೆಳಕಿಗಿಂತ ಮೊದಲು ಅವರು ವೀಣೆಯ, ತಬಲದ, ಮೃದಂಗದ ಬೆನ್ನು ಹತ್ತಿದ್ದರು. ಸುಮ್ಮನೆ ಬಿಗಿದ ಚರ್ಮವನ್ನು ಹೊಡೆದರೆ ಏಳುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೂಲ ಕಂಪನವನ್ನು 1 ಎಂದಿಟ್ಟುಕೊಂಡರೆ ಮುಂದಿನವು 1.59, 2.14, 2.30 ಹೀಗೆ ಅಡ್ಡಾದಿಡ್ಡಿ ಬರುತ್ತವೆ. ಅದಕ್ಕೇ ಬರೀ ಚರ್ಮದ ವಾದ್ಯಕ್ಕೆ ಸದ್ದು ಇರುತ್ತದೆ, ಶ್ರುತಿ ಇರುವುದಿಲ್ಲ. ಮೃದಂಗದ ಬಲಮುಖದ ನಡುವೆ ಅನ್ನ ಮತ್ತು ಕಬ್ಬಿಣದ ಅಂಶವಿರುವ ಕಲ್ಲಿನ ಪುಡಿಯನ್ನು ಅರೆದು ಪದರ ಪದರವಾಗಿ ಮೆತ್ತುವ ಕಪ್ಪು ಕರಣೆ ಆ ಅಡ್ಡಾದಿಡ್ಡಿಯನ್ನು 1, 2, 3, 4, 5 ಎಂಬ ಸಾಲಿಗೆ ತರುತ್ತದೆ. 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ತೋರಿಸಿದ ರಾಮನ್, ಬೆಂಗಳೂರಿಗೆ ಬಂದಮೇಲೆ 1934ರಲ್ಲಿ ಮತ್ತೆ ವಿಸ್ತಾರವಾಗಿ ಬರೆದರು. ಚರ್ಮದ ಮೇಲೆ ಸಣ್ಣಗೆ ಮರಳು ಉದುರಿಸಿ, ಹೊಡೆದಾಗ ಅದು ಯಾವ ಗೆರೆಗಳ ಮೇಲೆ ಕೂರುತ್ತದೆ ಎಂದು ನೋಡುವ ಉಪಾಯ ಅವರದು. ಕರಣೆ ಹಚ್ಚುವವರು ಇದೇ ಲೆಕ್ಕವನ್ನು ನೂರಾರು ವರ್ಷದಿಂದ ಕಿವಿಯಲ್ಲೇ ಮಾಡುತ್ತಿದ್ದರು ಎಂದು ಒಪ್ಪಿಕೊಳ್ಳುವ ದೊಡ್ಡ ಮನಸ್ಸೂ ರಾಮನ್ನರಿಗಿತ್ತು.

ಮರಳಿನ ಪ್ರಯೋಗವನ್ನು ಮೇಷ್ಟ್ರು ತಮ್ಮ ಶಾಲೆಯಲ್ಲಿ ತಮಟೆಯ ಮೇಲೆ ಮಾಡಿ ತೋರಿಸುತ್ತಿದ್ದರು. ಮೊದಲು ತಮಟೆ ಕಾಯಿಸುವುದು. ಕಡ್ಡಿಪುಳ್ಳೆಗೆ ಬೆಂಕಿ ಹಾಕಿ, ತಮಟೆಯ ಮುಖವನ್ನು ಅದಕ್ಕೆ ಹಿಡಿದು, ಬೆರಳಿನಿಂದ ಆಗಾಗ ತಟ್ಟಿ ನೋಡುತ್ತಾ ಇರಬೇಕು. ಚರ್ಮದೊಳಗಿನ ತೇವ ಹೋಗುತ್ತದೆ, ಬಿಗಿ ಏರುತ್ತದೆ, ಸದ್ದು ಡಬ್ ಡಬ್ ಎನ್ನುತ್ತಿದ್ದದ್ದು ಠಣ್ ಎನ್ನುತ್ತದೆ. ತಮಟೆ ಕಾಯಿಸಿ ತೋರಿಸಿದವನು ಮೇಷ್ಟ್ರಲ್ಲ, ಎಂಟನೇ ಕ್ಲಾಸಿನ ಕೊನೆ ಬೆಂಚಿನ ಹುಡುಗ. ಅವನಪ್ಪ ತಮಟೆ ಬಾರಿಸುವವರು. ಅಲ್ಲಿಯವರೆಗೆ ವಿಜ್ಞಾನದ ಪಿರಿಯಡ್ಡಿನಲ್ಲಿ ಬಾಯಿ ಬಿಡದಿದ್ದ ಹುಡುಗ ಅವತ್ತು ಇಡೀ ಕ್ಲಾಸಿಗೆ ಪಾಠ ಹೇಳಿದ. ತಮಟೆಯನ್ನು ಶಾಲೆಯೊಳಗೆ ತಂದದ್ದಕ್ಕೆ ಒಬ್ಬಿಬ್ಬರು ಮೂಗು ಮುರಿದರು ಕೂಡ. ಆ ಮೂಗುಗಳಿಗೆ ಉತ್ತರ ಬಹಳ ತಡವಾಗಿ ಬಂತು: ಹಳೆಯ ಕೋಲಾರ ಜಿಲ್ಲೆಯದೇ ಆದ ಶಿಡ್ಲಘಟ್ಟ ಸೀಮೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂದಾಗ.

ವಿಜ್ಞಾನವೇ ವೇಷ ಕಟ್ಟಿಕೊಂಡು ಬೀದಿಗಿಳಿದದ್ದು ಎಚ್ಚೆನ್ ಕಾಲದ ಇನ್ನೊಂದು ಕತೆ. ಉಪಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಅವರು ಒಂದು ಸಮಿತಿ ಮಾಡಿದರು. ಗಾಳಿಯಲ್ಲಿ ಬೂದಿ, ಉಂಗುರ ತೆಗೆಯುವವರು ಒಂದು ಕುಂಬಳಕಾಯಿ ತೆಗೆಯಲಿ ನೋಡೋಣ ಎಂಬ ಸವಾಲು ಆಗ ಮನೆಮಾತಾಯಿತು. ಕುಂಬಳಕಾಯಿ ಯಾಕೆಂದರೆ ಅದು ತೋಳಿನೊಳಗೆ ಅಡಗುವುದಿಲ್ಲ. ಸಮಿತಿ ಹೆಚ್ಚು ದೂರ ಹೋಗಲಿಲ್ಲ, ಗಲಾಟೆ ದೂರ ಹೋಯಿತು. ಆದರೆ ‘ಪವಾಡ ಬಯಲು’ ಎಂಬ ಒಂದು ಹೊಸ ರಂಗಪ್ರಕಾರವೇ ಕನ್ನಡದ ಹಳ್ಳಿಗಳಲ್ಲಿ ಹುಟ್ಟಿಕೊಂಡಿತು. ಅದನ್ನು ಯಾವ ನಾಟಕದ ಚರಿತ್ರೆಯಲ್ಲೂ ಸೇರಿಸುವುದಿಲ್ಲ, ಸೇರಿಸಬೇಕಿತ್ತು.

ಕ್ಯಾಲನೂರಿನ ಮೇಷ್ಟ್ರಿಗೆ ಕೇಳಿಕೆಯ ಅಟ್ಟದಲ್ಲಿ ಸಿಗದ ವೇಷ ಇಲ್ಲಿ ಸಿಕ್ಕಿತು. ಕಾವಿ ಪಂಚೆ, ರುದ್ರಾಕ್ಷಿ, ಹೆಗಲಿಗೊಂದು ಜೋಳಿಗೆ. ನಿಂಬೆಹಣ್ಣು ಕೊಯ್ದರೆ ರಕ್ತ ಸುರಿಯುತ್ತಿತ್ತು. ಚಾಕುವಿನ ಅಲಗಿಗೆ ಮೊದಲೇ ದಾಸವಾಳದ ಹೂ ಉಜ್ಜಿ ಒಣಗಿಸಿರುತ್ತಿದ್ದರು, ನಿಂಬೆಯ ಹುಳಿ ತಾಗಿದ ಕೂಡಲೇ ಹೂವಿನ ಬಣ್ಣ ಕೆಂಪಾಗುತ್ತದೆ. ಮಂತ್ರಕ್ಕೆ ಬೆಂಕಿ ಹತ್ತುತ್ತಿತ್ತು. ಬೂದಿಯೊಳಗೆ ಪೊಟ್ಯಾಸಿಯಂ ಪರ್ಮಾಂಗನೇಟಿನ ಪುಡಿ, ಮೇಲೆ ಹಾಕುವ ‘ತುಪ್ಪ’ ಗ್ಲಿಸರಿನ್. ಇವೆರಡೂ ಸೇರಿದ ಕೂಡಲೇ ಬೆಂಕಿ ಬರುವುದಿಲ್ಲ, ಒಂದಷ್ಟು ಸೆಕೆಂಡು ಹಿಡಿಯುತ್ತದೆ. ನಟನಿಗೆ ಬೇಕಾದದ್ದು ಆ ಸೆಕೆಂಡುಗಳೇ. ಮಂತ್ರವನ್ನು ಎಲ್ಲಿ ಎಳೆಯಬೇಕು, ಎಲ್ಲಿ ಏರಿಸಬೇಕು, ಯಾವಾಗ ಕಣ್ಣು ಮುಚ್ಚಬೇಕು ಎಂಬುದು ರಸಾಯನಶಾಸ್ತ್ರದ ಪುಸ್ತಕದಲ್ಲಿಲ್ಲ. ಚಳಿಗಾಲದಲ್ಲಿ ಗ್ಲಿಸರಿನ್ ದಪ್ಪಗಾಗಿ ಬೆಂಕಿ ಇನ್ನೂ ನಿಧಾನ. ಆಗ ಮಂತ್ರ ಎರಡರಷ್ಟು ಉದ್ದ.

ಆಮೇಲೆ ವೇಷ ಕಳಚಿ ಗುಟ್ಟು ಹೇಳುವುದು. ಅಲ್ಲಿ ಅವರು ಒಂದು ಪಾಠ ಕಲಿತರು. ಗುಟ್ಟು ಬಿಚ್ಚಿದ ಕೂಡಲೇ ಜನ ಎದ್ದು ಹೋಗುತ್ತಿದ್ದರು. ಮಾಯ ಇರುವವರೆಗೆ ಕೂತ ಜನ ವಿವರಣೆಗೆ ಕೂರರು. ಕೂರಿಸಿದ್ದು ಅರಿಶಿನ. ತಟ್ಟೆಯಲ್ಲಿ ಅರಿಶಿನದ ನೀರು ಇಟ್ಟು ಚಿಟಿಕೆ ಸುಣ್ಣ ಹಾಕುವುದು, ಕೆಂಪಗಾಗುವುದು. ಇದನ್ನು ಕಂಡದ್ದೇ ಹೆಂಗಸರು ನಗಾಡಿದರು: “ಇದೇನ್ ಮೇಷ್ಟ್ರೇ ಪವಾಡ, ಆರತಿ ತಟ್ಟೆಗೆ ನಾವು ದಿನಾ ಮಾಡಲ್ವಾ?” ಹಾಗಾದರೆ ಅದಕ್ಕೆ ನಿಂಬೆಹುಳಿ ಹಿಂಡಿದರೆ ಏನಾಗುತ್ತೆ ಹೇಳಿ, ಎಂದು ಮೇಷ್ಟ್ರು ಕೇಳಿದರು. ಮತ್ತೆ ಹಳದಿ ಆಗುತ್ತದೆ ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು, ಪಂದ್ಯವೇ ಬಿತ್ತು. ಅವತ್ತಿನಿಂದ ಮೇಷ್ಟ್ರು ಕ್ರಮವನ್ನೇ ತಿರುಗಿಸಿದರು. ಜನಕ್ಕೆ ಗೊತ್ತಿರುವುದು ಮೊದಲು, ಗೊತ್ತಿಲ್ಲದ ಬೆಂಕಿ ಕೊನೆಗೆ. ನಾಟಕ ಕಟ್ಟುವುದೆಂದರೆ ಇದೇ, ಪಾಠ ಕಟ್ಟುವುದೂ ಇದೇ.

1987ರಲ್ಲಿ ಭಾರತ ಜನ ವಿಜ್ಞಾನ ಜಾಥಾ ಹೊರಟಿತು. ದೇಶದ ಐದು ದಿಕ್ಕುಗಳಿಂದ ತಂಡಗಳು ಗಾಂಧಿ ಜಯಂತಿಯಂದು ಹೊರಟು ನವೆಂಬರಿನಲ್ಲಿ ಭೋಪಾಲ್ ಸೇರಿದವು. ಅನಿಲ ದುರಂತದ ಊರು ಭೋಪಾಲ್, ಆಯ್ಕೆ ಸುಮ್ಮನೆ ಆದದ್ದಲ್ಲ. ಕೇರಳದ ಶಾಸ್ತ್ರ ಸಾಹಿತ್ಯ ಪರಿಷತ್ತು ಅದಕ್ಕೂ ಮೊದಲೇ ಹಾಡು, ಬೀದಿನಾಟಕ ಕಟ್ಟಿಕೊಂಡು ಊರೂರು ತಿರುಗುವ ಕಲಾಜಾಥಾ ರೂಢಿಸಿತ್ತು. ಕರ್ನಾಟಕದಲ್ಲಿ ಅದು ರಾಜ್ಯ ವಿಜ್ಞಾನ ಪರಿಷತ್ತು, ಆಮೇಲೆ ಭಾರತ ಜ್ಞಾನ ವಿಜ್ಞಾನ ಸಮಿತಿ, ಸಾಕ್ಷರತಾ ಆಂದೋಲನ ಎಂದು ಹಬ್ಬಿತು. ಐವತ್ತು ದಾಟಿದ ಕೋಲಾರದವರಿಗೆ ಬಸ್‌ಸ್ಟ್ಯಾಂಡಿನ ಮುಂದೆ ಗುಂಡಾಗಿ ನಿಂತು ಹಾಡುತ್ತಿದ್ದ, ಹೆಗಲಿಗೆ ಬ್ಯಾಗು ಹಾಕಿದ ಆ ತಂಡಗಳು ನೆನಪಿರುತ್ತವೆ. ಎಷ್ಟೋ ಮೇಷ್ಟ್ರುಗಳು ಅಲ್ಲೇ ನಟರಾದರು, ಎಷ್ಟೋ ನಟರು ಅಲ್ಲೇ ಭೇದಿಗೆ ಕುಡಿಸುವ ಓಆರ್‌ಎಸ್ ಕಲಸುವುದನ್ನು ಕಲಿತರು. ನಾಟಕಗಳೆಲ್ಲ ಚೆನ್ನಾಗಿದ್ದವು ಎಂದು ಹೇಳಲಾಗದು. ಬಹಳಷ್ಟರಲ್ಲಿ ಮೂಢನಂಬಿಕೆ ಒಂದು ಪಾತ್ರ, ವಿಜ್ಞಾನ ಇನ್ನೊಂದು ಪಾತ್ರ, ಕೊನೆಗೆ ವಿಜ್ಞಾನ ಗೆಲ್ಲುತ್ತದೆ. ಕೇಳಿಕೆ ನೋಡಿ ಬೆಳೆದ ಜನಕ್ಕೆ ಅದು ಸಪ್ಪೆ. ದುರ್ಯೋಧನನಿಗೂ ಅಟ್ಟದ ಮೇಲೆ ತನ್ನ ನ್ಯಾಯ ಹೇಳಿಕೊಳ್ಳಲು ಅವಕಾಶ ಕೊಟ್ಟ ಜನ ಅವರು.

ಮೇಷ್ಟ್ರು ಬರೆದದ್ದರಲ್ಲಿ ಚೆನ್ನಾಗಿದ್ದದ್ದು ಒಂದೇ, ಅದು ಕೆ.ಜಿ.ಎಫ್. ಮೇಲೆ. ಚಿನ್ನದ ಗಣಿಯ ಆಳದಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಉಪಕರಣ ಇಟ್ಟಿದ್ದರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಅಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡ ಅದೇ ಹೊತ್ತಿನಲ್ಲಿ ಅದನ್ನೇ ಹಿಡಿಯಿತು. ವಾತಾವರಣದ ನ್ಯೂಟ್ರಿನೊ ಜಗತ್ತಿನಲ್ಲಿ ಸಿಕ್ಕಿದ್ದು ಅದೇ ಮೊದಲು. ಬಸ್ಸಿನಲ್ಲಿ ಹೋದರೆ ಅರ್ಧ ದಿನವೂ ಹಿಡಿಯದ ಊರಿನಲ್ಲಿ ನಡೆದ ಈ ಸಂಗತಿಯನ್ನು ಕ್ಯಾಲನೂರಿನ ಹುಡುಗ ಬಸವನಗುಡಿಯಲ್ಲಿ ಕೂತು ಕೇಳಿ ತಿಳಿಯಬೇಕಾಯಿತು.

ನ್ಯೂಟ್ರಿ‌ನೊವನ್ನು ಅಟ್ಟಕ್ಕೆ ತರುವುದು ಹೇಗೆ? ಸೂರ್ಯನಿಂದ ಹೊರಟು ನಮ್ಮ ಮೈಯ ಒಂದೊಂದು ಚದರ ಸೆಂಟಿಮೀಟರಿನಲ್ಲೂ ಸೆಕೆಂಡಿಗೆ ಸುಮಾರು 6,500 ಕೋಟಿಯಂತೆ ತೂರಿಹೋಗುವ, ಯಾರನ್ನೂ ಮುಟ್ಟದ ಕಣ ಅದು. ಮೇಷ್ಟ್ರು ಕೇಳಿಕೆಯ ದಾರಿ ಹಿಡಿದರು. ಕೇಳಿಕೆಯಲ್ಲಿ ಯಾವ ರಾಜನೂ ತಾನಾಗಿ ಪರಿಚಯ ಹೇಳಿಕೊಳ್ಳುವುದಿಲ್ಲ. ಸಾರಥಿ ಎದುರು ನಿಂತು ಯಾರು ನೀನು, ಎಲ್ಲಿಂದ ಬಂದೆ, ಏನು ಕಾರಣ ಎಂದು ಕೇಳಿ ಕೇಳಿ ಹೊರಡಿಸಬೇಕು. ಏಳನೇ ಕ್ಲಾಸಿನ ಒಬ್ಬ ಹುಡುಗಿ ಬಿಳಿ ಬಟ್ಟೆಯಲ್ಲಿ ಬರುತ್ತಾಳೆ. ಅಟ್ಟದ ಮೇಲಿನ ಗಣಿ ಕೆಲಸಗಾರರು, ಬಂಡೆಗಳು, ಇಂಜಿನಿಯರು ಎಲ್ಲರ ನಡುವೆ ಯಾರಿಗೂ ತಾಗದಂತೆ ದಾಟಿಹೋಗುತ್ತಾಳೆ. ಸಾರಥಿ ಅಡ್ಡ ಹಾಕುತ್ತಾನೆ.

“ಯಾರಮ್ಮಾ ನೀನು? ಯಾವ ದೇಶ? ಏನ್ ಕಾರಣ ಇಲ್ಲಿಗೆ ಬಂದೆ?”

“ಬರೋಕೆ ಕಾರಣ ಇಲ್ಲ ಸಾರಥಿ, ಹೋಗ್ತಾ ಇದ್ದೆ. ನಾನು ಬಂದೆ ಅಂತ ನಿಂಗೆ ಗೊತ್ತಾಯ್ತಲ್ಲ, ಅದೇ ದೊಡ್ಡದು.”

“ಚಿನ್ನ ಬೇಕಾ?”

“ಚಿನ್ನ ಕಂಡವರು ಬಹಳ ಜನ. ನನ್ನನ್ನ ಕಂಡವರು ಈ ಊರಿನೋರೇ.”

ಕುಳಿತವರು ಚಪ್ಪಾಳೆ ತಟ್ಟಿದ್ದು ಆ ಮಾತಿಗೆ. ಮೊಮ್ಮಗಳ ಆಟ ನೋಡಲು ಬಂದಿದ್ದ, ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನಾಟಕ ಮುಗಿದ ಮೇಲೆ ಬಂದು, ಆ ಆಳದಲ್ಲಿ ಸೆಖೆ ಎಷ್ಟು ಅಂತ ನಾಟಕದಲ್ಲಿ ಬರಲೇ ಇಲ್ಲವಲ್ಲ ಸ್ವಾಮಿ ಎಂದರಂತೆ. ಮುಂದಿನ ಪ್ರಯೋಗದಲ್ಲಿ ಬೆವರು ಬಂತು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು.

ಇದನ್ನೆಲ್ಲ ಬದುಕು ಕಟ್ಟಿಕೊಳ್ಳುವುದು ಎನ್ನಬಹುದೇ? ಲೆಕ್ಕ ಹಾಕಿದರೆ ಸಂಬಳ ಬಂದದ್ದು ಒಂದೇ ಕಡೆಯಿಂದ, ಶಾಲೆಯಿಂದ. ನಾಟಕದಿಂದ ಬಂದದ್ದು ಶಾಲು, ಹಾರ, ಲೂನಾದ ಪೆಟ್ರೋಲಿಗೆ ಆಗೊಮ್ಮೆ ಈಗೊಮ್ಮೆ ಕಾಸು. ಮೇಲಿನ ಅಧಿಕಾರಿಯೊಬ್ಬರು ಮೇಷ್ಟ್ರ ಪವಾಡದ ವೇಷದ ಬಗ್ಗೆ ಲಿಖಿತ ವಿವರಣೆ ಕೇಳಿದ್ದೂ ಉಂಟು. ಎರಡನ್ನೂ ಹಿಡಿದವರು ಬೇರೆಯವರೂ ಇದ್ದರು. ಶಿವರಾಮ ಕಾರಂತರು ಒಂದು ಕೈಯಲ್ಲಿ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು, ಇನ್ನೊಂದು ಕೈಯಲ್ಲಿ ಯಕ್ಷಗಾನವನ್ನು ತಿದ್ದಿದರು, ತಾವೇ ಕುಣಿದರು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅಣುಶಕ್ತಿಯ ದೊಡ್ಡ ಹುದ್ದೆಗಳ ನಡುವೆಯೂ ಪಿಯಾನೋ ಬಿಡಲಿಲ್ಲ, ರಾಗಗಳ ರಚನೆಯ ಮೇಲೆ ಪುಸ್ತಕ ಬರೆದರು. ಅವರು ದೊಡ್ಡವರು, ಅವರನ್ನು ತಡೆಯುವವರಿರಲಿಲ್ಲ. ತಾಲ್ಲೂಕಿನ ಹುಡುಗನಿಗೆ ಪ್ರತಿಭೆಗಿಂತ ಮೊದಲು ಬೇಕಾದದ್ದು ಜಾಗ. ಕೈಲಾಸಂಗೆ ಕಲ್ಲಿನ ಇಲಾಖೆಯಲ್ಲಿ ಸಿಗದದ್ದು ಅದೇ. ಎಚ್ಚೆನ್ ಕಾಲೇಜಿನಲ್ಲಿ ಕಟ್ಟಿಕೊಟ್ಟದ್ದೂ ಅದನ್ನೇ: ಒಂದು ಹಾಲು, ಒಂದು ಸಂಜೆ, ಬಾಗಿಲಲ್ಲಿ ನಿಂತು ಯಾಕೆ ಬಂದೆ ಎಂದು ಕೇಳದ ಒಬ್ಬ ಪ್ರಿನ್ಸಿಪಾಲ. ಊರಿನ ಅಟ್ಟ ಅದಕ್ಕೂ ಮುಂಚೆಯೇ ಕೊಟ್ಟಿತ್ತು, ಗ್ಯಾಸ್‌ಲೈಟಿನ ಹುಡುಗನಿಗೂ ಅಲ್ಲೊಂದು ಕೆಲಸವಿತ್ತು.

ಈಗಿನ ಮಕ್ಕಳಿಗೆ ದಾರಿಗಳು ಜಾಸ್ತಿ. ಹೆಗ್ಗೋಡಿನಲ್ಲಿ 1980ರಿಂದ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ, ಮೈಸೂರಿನಲ್ಲಿ 1989ರಿಂದ ರಂಗಾಯಣವಿದೆ, ಬೆಂಗಳೂರಿನಲ್ಲೇ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರವಿದೆ. ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಇದೆ, ಅಲ್ಲಿ ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು, ನಾಟಕ ನಡೆದಿವೆ. 2017ರಲ್ಲಿ ಕೋಲಾರಕ್ಕೆ ತನ್ನದೇ ವಿಶ್ವವಿದ್ಯಾಲಯವೂ ಬಂತು. ಆದರೂ ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡ ದಿನವೇ ಮಗುವಿನ ಗೆಜ್ಜೆ, ಹಾರ್ಮೋನಿಯಂ, ನಾಟಕದ ಬಣ್ಣ ಎಲ್ಲ ಮನೆಯ ಅಟ್ಟಕ್ಕೆ ಏರುವುದು ನಿಂತಿಲ್ಲ. ಎರಡು ವರ್ಷ ಸುಮ್ಮನಿರು, ಸೀಟು ಸಿಗಲಿ, ಆಮೇಲೆ ಮಾಡು ಎನ್ನುತ್ತಾರೆ. ಆಮೇಲೆ ಮಾಡಿದವರನ್ನು ಮೇಷ್ಟ್ರು ತಮ್ಮ ಸರ್ವೀಸಿನಲ್ಲಿ ಹೆಚ್ಚು ಕಾಣಲಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹೈಸ್ಕೂಲು ಹೆಡ್ಮಾಸ್ಟರುಗಳಲ್ಲಿ ಒಂದು ಕೋರಿಕೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ದಕ್ಷಿಣ ರಾಜ್ಯಗಳ ಶಾಲಾ ಮಕ್ಕಳಿಗೆ ವಿಜ್ಞಾನ ನಾಟಕೋತ್ಸವ ನಡೆಸುತ್ತದೆ. ಅದಕ್ಕೆ ಹೋಗುವ ತಂಡಗಳು ಶಿಕ್ಷಣ ಇಲಾಖೆಯ ಸ್ಪರ್ಧೆಗಳ ಮೂಲಕವೇ ಮೇಲೆ ಬರಬೇಕು. ಸುತ್ತೋಲೆ ಶಾಲೆಗೆ ಬಂದಾಗ ಅದನ್ನು ಫೈಲಿಗೆ ಹಾಕಬೇಡಿ, ವಿಜ್ಞಾನದ ಮೇಷ್ಟ್ರ ಕೈಗೆ ಕೊಡಿ. ಜೊತೆಗೆ ಊರಿನಲ್ಲಿ ಕೇಳಿಕೆ ಕಲಿಸುವವರು, ತಮಟೆ ಬಾರಿಸುವವರು ಯಾರಾದರೂ ಇದ್ದರೆ ಅವರನ್ನೂ ಶಾಲೆಗೆ ಕರೆಯಿರಿ, ಬಂದು ಹೋಗುವ ಖರ್ಚನ್ನು ಶಾಲೆಯೇ ಕೊಡಲಿ.